ತೆರೆಮರೆಯ ಕಸುಬು: ಕರಡಿಯೊಳಗಿನವನೂ ಉಸಿರಾಡಬೇಕಲ್ಲ!

ಈ ವಾರ ಬಂದ ಪ್ರಶ್ನೆಗಳಲ್ಲಿ ಒಂದು ಬಲು ಮಜವಾದದ್ದು. "ಸಾರ್, ನಮ್ಮ ಹೀರೋ ಪಿಕ್ಚರ್ ರಿಲೀಸ್ ದಿನ ಮೆರವಣಿಗೆ ಇಟ್ಟಿದ್ದೀವಿ. ಮುಂದುಗಡೆ ಒಂದು ಹುಲಿ, ಒಂದು ಕರಡಿ ಕುಣೀಬೇಕು. ಬಾಡಿಗೆ ವೇಷ ನಮ್ಮ ಕೈಗೆಟುಕೋದಿಲ್ಲ. ನಾವೇ ಹೊಲಿದುಕೊಂಡರೆ ಯಾವ ಬಟ್ಟೆ, ಯಾವ ಗೋಂದು? ನಾಲ್ಕು ವರ್ಷ ಬಾಳಿಕೆ ಬರಬೇಕು, ಜೇಬಿಗೂ ಕತ್ತರಿ ಬೀಳಬಾರದು."

ಭೇಷ್! ಉತ್ತರ ಹೇಳುವ ಮುಂಚೆ ನನ್ನ ಮಾನ ಹೋದ ಕಥೆ ಕೇಳಿಬಿಡಿ. ಹೈಸ್ಕೂಲಿನ ನಾಟಕದಲ್ಲಿ ನನಗೆ ಕರಡಿ ಪಾರ್ಟು. ಗೋಣಿಚೀಲ ಹೊಲಿದು, ಕಪ್ಪು ಬಳಿದ ತೆಂಗಿನ ನಾರು ಅಂಟಿಸಿ, ಮೂಗಿನ ಹತ್ತಿರ ಎರಡೇ ಎರಡು ತೂತು ಬಿಟ್ಟಿದ್ದರು. ಐದು ನಿಮಿಷ ಸಿಳ್ಳೆಯೋ ಸಿಳ್ಳೆ. ಆರನೇ ನಿಮಿಷಕ್ಕೆ ಕಣ್ಣು ಕತ್ತಲೆ ಕವಿದು ಕರಡಿ ದಬಾರ್ ಅಂತ ಬಿತ್ತು. ಎಂಥಾ ಆ್ಯಕ್ಟಿಂಗ್ ಅಂತ ಜನ ಚಪ್ಪಾಳೆ ಹೊಡೆದರು! ಪರದೆ ಎಳೆಯುವವನಿಗೆ ಅನುಮಾನ ಬಂದು, ಚೀಲ ಹರಿದು ನೀರು ಚಿಮುಕಿಸಿದ್ದರಿಂದ ಇವತ್ತು ಈ ಅಂಕಣ ಬರೀತಿದ್ದೀನಿ.

ಆದ್ದರಿಂದ ಮೊದಲ ಪಾಠ ಇದು: ವೇಷಕ್ಕೆ ಸಾಮಾನು ಆರಿಸುವಾಗ ಹೊರಗಿನ ಪ್ರಾಣಿಗಿಂತ ಒಳಗಿನ ಪ್ರಾಣ ಮುಖ್ಯ.

ದೊಡ್ಡವರೂ ಪೆಟ್ಟು ತಿಂದಿದ್ದಾರೆ

1939ರ ಹಾಲಿವುಡ್ ಚಿತ್ರ 'ದಿ ವಿಜರ್ಡ್ ಆಫ್ ಆಜ್' ನೋಡಿದ್ದೀರಾ? ಅದರಲ್ಲಿ ಪುಕ್ಕಲು ಸಿಂಹವಾದವರು ಬರ್ಟ್ ಲಾರ್. ವೇಷಕ್ಕೆ ಬಳಸಿದ್ದು ನಿಜವಾದ ಸಿಂಹದ ಚರ್ಮ, ತೂಕ ಸುಮಾರು 40 ಕಿಲೋ! ಮೇಲೆ ಕಲರ್ ಶೂಟಿಂಗಿನ ಸುಡುವ ದೀಪಗಳು. ಪಾಪ, ಆ ಸಿಂಹ ಬೆವರಿ ಬೆವರಿ ಬೆಂಡಾಯಿತು. ಅದೇ ವೇಷ 2014ರ ಹರಾಜಿನಲ್ಲಿ 30 ಲಕ್ಷ ಡಾಲರಿಗೂ ಮೀರಿ ಹೋಯಿತು. ನಮ್ಮಲ್ಲಿ ಹುಲಿ, ಚಿರತೆ ಚರ್ಮದ ಸುದ್ದಿಗೇ ಹೋಗಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಇದೆ, ಸೀದಾ ಜೈಲು!

ಇನ್ನು ಜಪಾನಿನ ಗಾಡ್ಜಿಲ್ಲಾ. 1954ರಲ್ಲಿ ಆ ರಾಕ್ಷಸನ ಒಳಗೆ ಇದ್ದವರು ಹರುವೊ ನಕಾಜಿಮಾ. ಬಿದಿರು, ತಂತಿಯ ಚೌಕಟ್ಟಿನ ಮೇಲೆ ರಬ್ಬರ್ ಮೆತ್ತಿದ ಮೊದಲ ವೇಷ ಸುಮಾರು 100 ಕಿಲೋ ತೂಗುತ್ತಿತ್ತು. ಅದರಲ್ಲಿ ನಡೆಯುವುದೇ ದುಸ್ತರ! ಕೊನೆಗೆ ಅದನ್ನು ಎರಡು ತುಂಡು ಮಾಡಿ ಬಿಡಿ ಬಿಡಿ ಶಾಟುಗಳಿಗೆ ಬಳಸಿಕೊಂಡು, ಹಗುರವಾದ ಇನ್ನೊಂದನ್ನು ಮಾಡಿದರು. ನಕಾಜಿಮಾ 1972ರವರೆಗೆ 12 ಚಿತ್ರಗಳಲ್ಲಿ ಗಾಡ್ಜಿಲ್ಲಾ ಆದರು. ಹಗುರವಾದದ್ದೇ ಬಾಳುತ್ತದೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಕೆ?

ಜಾಣತನ ತೋರಿಸಿದ್ದು 1977ರ 'ಸ್ಟಾರ್ ವಾರ್ಸ್'ನವರು. ಚ್ಯೂಬಾಕಾ ಎಂಬ ರೋಮದ ದೈತ್ಯನಿಗೆ ಸ್ವೆಟರಿನ ಹಾಗೆ ಹೆಣೆದ ಉಡುಪು ಮಾಡಿ, ಅದಕ್ಕೆ ಯಾಕ್ ಕೂದಲು ಸೇರಿಸಿದರು. ಹೆಣಿಗೆ ಅಂದಮೇಲೆ ಗಾಳಿಯಾಡುತ್ತೆ, ಮೈ ಜೊತೆ ಎಳೆದುಕೊಳ್ಳುತ್ತೆ. ಈ ಉಪಾಯವನ್ನೇ ನಾವೂ ಕದಿಯೋಣ!

ಮೈ ಹೀಗಿರಲಿ

ತುಂಬು ತೋಳಿನ ಹತ್ತಿ ಬನಿಯನ್ನು, ಹತ್ತಿ ಪೈಜಾಮ ತೊಗೊಳ್ಳಿ. ಅದೇ ನಿಮ್ಮ ಅಸ್ತಿಭಾರ. ಟೆಡ್ಡಿ ಬೊಂಬೆಗೆ ಹಾಕುವ ನಕಲಿ ತುಪ್ಪಳದ ಬಟ್ಟೆಯನ್ನು ಬೆನ್ನು, ಭುಜ, ತೊಡೆಯ ಹೊರಭಾಗಕ್ಕೆ ಮಾತ್ರ ಹೊಲಿಯಿರಿ. ಕಂಕುಳು, ತೊಡೆ ಸಂದಿ ಬರೀ ಬಟ್ಟೆಯೇ ಇರಲಿ, ಅದೇ ಬಣ್ಣ ಹಾಕಿಸಿದರೆ ಸಾಕು. ದುಬಾರಿ ತುಪ್ಪಳ ಉಳೀತು, ಬೆವರಿಗೂ ದಾರಿ ಆಯ್ತು!

ಅಂಗಡಿಯಲ್ಲಿ ತುಪ್ಪಳವನ್ನು ಮಡಚಿ ನೋಡಿ. ರೋಮದ ಬುಡದಲ್ಲಿ ಬಟ್ಟೆ ಬೋಳುಬೋಳಾಗಿ ಕಂಡರೆ, ಬೆರಳಲ್ಲಿ ಎಳೆದಾಗ ಕೂದಲು ಕಿತ್ತು ಬಂದರೆ ವಾಪಸ್ ಕೊಡಿ. ಉದ್ದ ರೋಮ ನೋಡಲು ಭರ್ಜರಿ, ನಾಲ್ಕೇ ದಿನಕ್ಕೆ ಜಡೆಗಟ್ಟುತ್ತೆ. ಗಿಡ್ಡ ರೋಮ ಬಾಳಿಕೆ. ಕತ್ತರಿ ಹಾಕಬೇಡಿ. ಹಿಂದಿನಿಂದ ಬ್ಲೇಡಿನಲ್ಲಿ ತಳದ ಬಟ್ಟೆ ಮಾತ್ರ ಕೊಯ್ಯಿರಿ. ರೋಮ ಕೆಳಮುಖವಾಗಿರಲಿ. ಇಲ್ಲದಿದ್ದರೆ ಹುಲಿ ಬೆದರಿದ ಬೆಕ್ಕಾಗುತ್ತೆ!

ತಲೆಗೆ ಏನು?

ಅತಿ ಅಗ್ಗದ್ದು ಕಾಗದದ ಮುಖವಾಡ: ಹಳೇ ಪೇಪರು, ಮೈದಾ ಅಂಟು. ಒಣಗಿದ ಮೇಲೆ ಹೊರಗೆ ವಾರ್ನಿಷ್ ಹೊಡೆಯಿರಿ. ಮಳೆಗೆ ಮಾತ್ರ ಇದು ಆಗಿಬರದು. ಹಾಸಿಗೆಯ ಸ್ಪಂಜು ಕೊರೆಯಲು ಸುಲಭ, ಆದರೆ ಬೆವರು ಹೀರಿ ನಾರುತ್ತೆ. ಒಳಗೆ ಬಿಚ್ಚಿ ಒಗೆಯುವಂಥ ಹತ್ತಿ ಟೋಪಿ ಇರಲೇಬೇಕು. ಮಕ್ಕಳ ಆಟದ ಚಾಪೆ, ಚಪ್ಪಲಿ ಅಟ್ಟೆಗೆ ಬಳಸುವ ಇ.ವಿ.ಎ. ಫೋಮ್ ಹಾಳೆ ನೀರು ಕುಡಿಯೋದಿಲ್ಲ, ಬಿಸಿ ತಾಗಿಸಿದರೆ ಬೇಕಾದ ಆಕಾರಕ್ಕೆ ಬಗ್ಗುತ್ತೆ. ಸ್ವಲ್ಪ ಖರ್ಚಾದರೂ ನಾಲ್ಕು ವರ್ಷದ ಮಾತಿಗೆ ನನ್ನ ಓಟು ಇದಕ್ಕೇ.

ಅಂಟಿಸಲು ಚಪ್ಪಲಿ ರಿಪೇರಿಯವರ ಸಲ್ಯೂಷನ್ ಸಾಕು. ಎರಡೂ ಕಡೆ ಸವರಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಒತ್ತಿ. ಅದರ ಆವಿ ತಲೆಗೇರುತ್ತೆ, ಬೆಂಕಿಯೂ ಬೇಗ ಹತ್ತುತ್ತೆ. ಬಯಲಲ್ಲಿ ಕೂತು ಕೆಲಸ ಮಾಡಿ, ಬೀಡಿ ಸೇದುವ ಗೆಳೆಯನನ್ನು ದೂರ ಓಡಿಸಿ!

ಬಾಯಿ ದೊಡ್ಡದಾಗಿ ತೆರೆದಿರಲಿ, ಹುಲಿಗೂ ಗತ್ತು, ನಿಮಗೂ ಗಾಳಿ. ಕಣ್ಣಿಗೆ ಕಪ್ಪು ಜಾಲರಿ. ಪಂಜದೊಳಗೆ ಹಳೇ ಬೂಟು ಸೇರಿಸಿ. ಬಾಲವನ್ನು ಪೈಜಾಮಕ್ಕೆ ಹೊಲಿದರೆ ಯಾರೋ ತುಂಟ ಎಳೆದ ಕ್ಷಣ ಮರ್ಯಾದೆ ಬೀದಿಪಾಲು. ಸೊಂಟದ ಬೆಲ್ಟಿಗೆ ಕಟ್ಟಿ!

ಬಟ್ಟೆಯೇ ಬೇಡ ಅನ್ನುವವರಿಗೆ

ಮಂಗಳೂರು, ಉಡುಪಿ ಕಡೆಯ ಹುಲಿವೇಷಕ್ಕೆ ಮೈಯೇ ಬಟ್ಟೆ, ಬಣ್ಣವೇ ತುಪ್ಪಳ. 'ಉಳಿದವರು ಕಂಡಂತೆ' (2014), 'ಗರುಡ ಗಮನ ವೃಷಭ ವಾಹನ' (2021) ನೋಡಿದವರಿಗೆ ಆ ತಾಸೆಯ ಪೆಟ್ಟು ಇನ್ನೂ ಕಿವಿಯಲ್ಲಿದೆ. ಅದನ್ನು ನೋಡಿ ಮನೆ ಬಾಗಿಲಿಗೆ ಬಳಿಯುವ ಪೇಂಟು ತಂದು ಮೈಗೆ ಬಳಿದುಕೊಳ್ಳಬೇಡಿ, ಚರ್ಮ ಉರಿದುಹೋಗುತ್ತೆ. ಮೈಗೆಂದೇ ಮಾಡಿದ ಬಣ್ಣ ಬಳಸಿ, ಹಿಂದಿನ ದಿನ ಮೊಣಕೈ ಮೇಲೆ ಚೂರು ಹಚ್ಚಿ ಪರೀಕ್ಷೆ ಮಾಡಿ.

ಕೊನೆಗೊಂದು ಕಟ್ಟುನಿಟ್ಟಿನ ಮಾತು. ನಕಲಿ ತುಪ್ಪಳ ಅಂದರೆ ಪ್ಲಾಸ್ಟಿಕ್ಕಿನ ಅಣ್ಣತಮ್ಮ. ಕಿಡಿ ತಾಗಿದರೆ ಕರಗಿ ಮೈಗೆ ಅಂಟುತ್ತೆ. ರಿಲೀಸ್ ದಿನ ಪಟಾಕಿ ಇದ್ದೇ ಇರುತ್ತೆ. ಪಟಾಕಿ ಒಂದು ತುದಿಗಾದರೆ ಹುಲಿ ಇನ್ನೊಂದು ತುದಿಗೆ! ಹದಿನೈದು ನಿಮಿಷ ಕುಣಿದು ತಲೆ ತೆಗೆದು ನೀರು ಕುಡಿಯಿರಿ. ಪಕ್ಕದಲ್ಲಿ ಒಬ್ಬ ಗೆಳೆಯ ಇರಲಿ. ಎರಡೂ ಕೈ ತಲೆ ಮೇಲಿಟ್ಟರೆ "ಬಿಚ್ಚೋ ಮಾರಾಯ" ಅಂತ ಸನ್ನೆ.

ಮೆರವಣಿಗೆಗೆ ಮುಂಚೆ ಮನೆಯಲ್ಲೇ ವೇಷ ಹಾಕಿ ಒಂದು ಪೂರ್ತಿ ಹಾಡಿಗೆ ಕುಣಿಯಿರಿ. ಮುಗಿದ ಮೇಲೆ ಅದರ ಪಲ್ಲವಿಯನ್ನು ಏದುಸಿರಿಲ್ಲದೆ ಹಾಡಲು ಬಂದರೆ ವೇಷ ಪಾಸು. ಬಾರದಿದ್ದರೆ ತೂತು ದೊಡ್ಡದು ಮಾಡಿ!

ಆಮೇಲೆ ನನಗೊಂದು ಫೋಟೋ ಕಳಿಸಿ. ಹುಲಿಯದ್ದಲ್ಲ. ಹುಲಿ ತಲೆಯನ್ನು ಕಂಕುಳಲ್ಲಿಟ್ಟುಕೊಂಡು ಬೆವರೊರೆಸಿಕೊಂಡು ನಗುತ್ತಿರುವ ಹುಡುಗನದ್ದು.