ಕರೆಗಾಗಿ ಕಾದಿರುವ ದೀಪ

“ಕೂತು ಉಣ್ಣುವವನಿಗೆ ಕುಡಿಕೆ ಹೊನ್ನೂ ಸಾಲದು” ಎಂಬ ಗಾದೆಯು ಮನುಷ್ಯರಿಗೆ ಮಾತ್ರವಲ್ಲದೆ ಯಂತ್ರಗಳಿಗೂ ಸಲ್ಲುವುದೆಂಬುದನ್ನು ಈ ತಿಂಗಳು ನಮ್ಮ ವಾಚಕರ ಮುಂದೆ ಇಡಬೇಕೆಂದಿರುವೆವು. ದುಡಿಯುವ ಯಂತ್ರವು ಎಷ್ಟನ್ನು ತಿನ್ನುವುದೆಂದು ಎಲ್ಲರೂ ಲೆಕ್ಕ ಹಾಕುವರು. ಏನನ್ನೂ ಮಾಡದೆ ಒಡೆಯನ ಕರೆಗಾಗಿ ಕಾದು ಕುಳಿತಿರುವ ಯಂತ್ರವು ತಿನ್ನುವುದನ್ನು ಲೆಕ್ಕ ಹಾಕುವವರು ವಿರಳ.

ಮನೆಯಲ್ಲಿ ವೃದ್ಧರೊಬ್ಬರು ಇರುವರೆಂದು ಭಾವಿಸೋಣ. ರಾತ್ರಿಯಲ್ಲಿ ಒಂದೆರಡು ಸಲ ಏಳಬೇಕಾದ ಅವರಿಗೆ, ಕತ್ತಲಲ್ಲಿ ಗೋಡೆಯ ಸ್ವಿಚ್ಚಿನವರೆಗೆ ತಡಕಾಡುತ್ತ ಹೋಗುವುದೇ ದೊಡ್ಡ ಅಪಾಯ. ವಿದ್ಯುತ್ತು ಹೋಗಿರುವ ರಾತ್ರಿಯಲ್ಲಂತೂ ಆ ಸ್ವಿಚ್ಚಿನಿಂದಲೂ ಪ್ರಯೋಜನವಿಲ್ಲ. ಆದುದರಿಂದ ಬ್ಯಾಟರಿಯಿಂದ ಉರಿಯುವ ಸಣ್ಣ ದೀಪವೊಂದನ್ನು ಗೋಡೆಗೆ ತೂಗುಹಾಕಿ, ಅದನ್ನು ಹೊತ್ತಿಸುವ ರಿಮೋಟನ್ನು ಅವರ ದಿಂಬಿನ ಬಳಿ ಇರಿಸುವುದು ಒಳ್ಳೆಯ ಉಪಾಯ. ಆದರೆ ವಿಚಾರಮಾಡದೆ ಕಟ್ಟಿದ ಇಂತಹ ದೀಪವು ಕೆಲವು ತಿಂಗಳು ನಡೆದು, ಒಂದು ರಾತ್ರಿ ಕರೆದರೆ ಓಗೊಡದೆ ಹೋಗುವುದು. ದೀಪವೇ ಇಲ್ಲದ ಮನೆಯಲ್ಲಿ ಜನರು ಎಚ್ಚರಿಕೆಯಿಂದ ಹೆಜ್ಜೆಯಿಡುವರು. ನಂಬಿಸಿ ಕೈಬಿಡುವ ದೀಪವಿರುವಲ್ಲಿ ಆ ಎಚ್ಚರಿಕೆಯೂ ಇರದು. ಈ ಕೇಡನ್ನು ತಪ್ಪಿಸುವುದು ಹೇಗೆಂಬುದೇ ಇಲ್ಲಿಯ ವಿಷಯ.

ಮೊದಲು ರಿಮೋಟು ಕಳುಹಿಸುವ ಕರೆಯ ಸ್ವರೂಪವನ್ನು ತಿಳಿಯಬೇಕು. ೧೮೦೦ರಲ್ಲಿ ಇಂಗ್ಲೆಂಡಿನಲ್ಲಿ ನೆಲಸಿದ್ದ ಖಗೋಳಜ್ಞ ವಿಲಿಯಂ ಹರ್ಷೆಲನು ಸೂರ್ಯನ ಬೆಳಕನ್ನು ಪಟ್ಟಕದಿಂದ ಬಣ್ಣಬಣ್ಣವಾಗಿ ಒಡೆದು, ಒಂದೊಂದು ಬಣ್ಣದಲ್ಲಿಯೂ ಉಷ್ಣಮಾಪಕವನ್ನಿಟ್ಟು ನೋಡಿದನು. ಕೆಂಪಿನ ಆಚೆ, ಕಣ್ಣಿಗೆ ಏನೂ ಕಾಣದ ಸ್ಥಳದಲ್ಲಿಯೂ ಉಷ್ಣವು ಏರಿತು. ಅಲ್ಲಿ ಬೀಳುತ್ತಿದ್ದ ಕಾಣದ ಬೆಳಕನ್ನೇ ಅವಕೆಂಪು ಅಥವಾ ಇನ್‌ಫ್ರಾರೆಡ್ ಕಿರಣವೆನ್ನುವರು. ರಿಮೋಟಿನ ಮೂತಿಯಲ್ಲಿರುವ ಸಣ್ಣ ಎಲ್‌ಇಡಿಯು ಸಾಮಾನ್ಯವಾಗಿ ೯೪೦ ನ್ಯಾನೋಮೀಟರಿನ ಇಂತಹ ಕಿರಣವನ್ನೇ ಬೀರುವುದು. ನಂಬದವರು ಮೊಬೈಲಿನ ಕ್ಯಾಮರಾದ ಎದುರಿಗೆ ರಿಮೋಟನ್ನು ಹಿಡಿದು ಗುಂಡಿಯನ್ನು ಒತ್ತಿ ನೋಡಲಿ. ಅನೇಕ ಕ್ಯಾಮರಾಗಳಲ್ಲಿ ಆ ಬೆಳಕು ಮಿನುಗುವುದು ಕಾಣುವುದು.

ಸೂರ್ಯನಲ್ಲಿಯೂ ಉರಿಯುವ ಬಲ್ಬಿನಲ್ಲಿಯೂ ಈ ಕಿರಣವು ಧಾರಾಳವಾಗಿ ಇರುವಾಗ, ಗ್ರಾಹಕವು ರಿಮೋಟಿನ ಕರೆಯನ್ನು ಗುರುತಿಸುವುದು ಹೇಗೆ? ೧೯೫೫ರಲ್ಲಿ ಅಮೆರಿಕದ ಝೆನಿತ್ ಕಂಪೆನಿಯ ಯೂಜೀನ್ ಪೋಲಿ ಎಂಬವರು ಮಾಡಿದ ಫ್ಲ್ಯಾಷ್‌ಮ್ಯಾಟಿಕ್ ಎಂಬ ರಿಮೋಟು ಟಾರ್ಚಿನಂತೆ ಕಾಣುವ ಬೆಳಕನ್ನೇ ಬೀರುತ್ತಿತ್ತು. ಟೆಲಿವಿಷನ್ ಪರದೆಯ ನಾಲ್ಕು ಮೂಲೆಗಳಲ್ಲಿ ಬೆಳಕನ್ನರಿಯುವ ಕಣ್ಣುಗಳಿದ್ದವು. ಬಿಸಿಲು ಆ ಮೂಲೆಗಳ ಮೇಲೆ ಬಿದ್ದರೆ ಸೂರ್ಯನೇ ಗುಂಡಿಯನ್ನು ಒತ್ತಿದಂತಾಗುತ್ತಿತ್ತು! ಈಗಿನ ರಿಮೋಟುಗಳು ಈ ತೊಂದರೆಯನ್ನು ತಾಳದಿಂದ ಪರಿಹರಿಸಿಕೊಂಡಿರುವವು. ಅವುಗಳ ಬೆಳಕು ಸುಮ್ಮನೆ ಉರಿಯದೆ ಸೆಕೆಂಡಿಗೆ ಸುಮಾರು ೩೮,೦೦೦ ಅಥವಾ ೪೦,೦೦೦ ಸಲ ಮಿಟುಕುವುದು. ಗ್ರಾಹಕವು ಆ ತಾಳಕ್ಕೆ ಮಾತ್ರ ಕಿವಿಗೊಟ್ಟು, ಒಂದೇ ಸಮನೆ ಸುರಿಯುವ ಬಿಸಿಲನ್ನು ಲಕ್ಷಿಸದು.

ಇನ್ನು ವೆಚ್ಚದ ಮಾತು. ರಿಮೋಟಿನೊಳಗಿನ ಎರಡು ಸೆಲ್ಲುಗಳು ಬಹುಕಾಲ ಬಾಳುವುದಕ್ಕೆ ಕಾರಣವೇನೆಂದರೆ, ಬೆರಳು ತಾಗುವವರೆಗೂ ಅದು ನಿಶ್ಚಿಂತೆಯಿಂದ ನಿದ್ರಿಸುವುದು. ಗ್ರಾಹಕಕ್ಕೆ ಆ ಭಾಗ್ಯವಿಲ್ಲ. ಕರೆ ಯಾವಾಗ ಬರುವುದೋ ತಿಳಿಯದಾದ್ದರಿಂದ ಅದು ಹಗಲಿರುಳೂ ಕಿವಿ ನಿಮಿರಿಸಿಕೊಂಡೇ ಇರಬೇಕು. ಟೆಲಿವಿಷನ್ನಿನಲ್ಲಿ ಗೋಡೆಯ ವಿದ್ಯುತ್ತು ಇರುವುದರಿಂದ ಈ ವೆಚ್ಚವನ್ನು ಯಾರೂ ಗಮನಿಸರು. ಬ್ಯಾಟರಿಯ ಸಂಸಾರದಲ್ಲಿ ಮಾತ್ರ ಇದೇ ದೊಡ್ಡ ಖರ್ಚು.

ಮನೆಯ ಜಮಾಖರ್ಚಿನಂತೆಯೇ ಇದನ್ನು ಬರೆದುನೋಡೋಣ. ಒಂದು ಎಎ ಅಳತೆಯ ಆಲ್ಕಲೈನ್ ಸೆಲ್ಲಿನಲ್ಲಿ ಸುಮಾರು ೨,೦೦೦ ಮಿಲಿಆಂಪಿಯರ್-ಗಂಟೆಗಳ ಬಂಡವಾಳವಿರುವುದು. ದೀಪವು ೨೦ ಮಿಲಿಆಂಪಿಯರ್ ತೆಗೆದುಕೊಂಡು ರಾತ್ರಿಗೆ ೫ ನಿಮಿಷ ಉರಿದರೆ ದಿನದ ಖರ್ಚು ೧.೭. ಟಿಎಸ್‌ಒಪಿ ೩೮೨ ವರ್ಗದ ಗ್ರಾಹಕವು ಕಾಯುವಾಗ ಸುಮಾರು ೦.೩೫ ಮಿಲಿಆಂಪಿಯರ್ ಮಾತ್ರ ತೆಗೆದುಕೊಳ್ಳುವುದು, ನೋಡಲು ಅತ್ಯಲ್ಪ. ಆದರೆ ೨೪ ಗಂಟೆಗಳಿಂದ ಗುಣಿಸಿದರೆ ೮.೪ ಆಗುವುದು. ಬೆಳಕು ಕೊಟ್ಟ ದೀಪಕ್ಕಿಂತ ಸುಮ್ಮನೆ ಕಾದ ಗ್ರಾಹಕವು ಐದು ಪಾಲು ಉಂಡಿತು! ಎರಡೂ ಸೇರಿ ದಿನಕ್ಕೆ ೧೦.೧, ಬಂಡವಾಳವು ಆರೂವರೆ ತಿಂಗಳಿಗೆ ಮುಗಿಯುವುದು.

ಪರಿಹಾರವನ್ನು ರಾತ್ರಿಯ ಕಾವಲುಗಾರನಿಂದ ಕಲಿಯಬಹುದು. ಅವನು ಇರುಳೆಲ್ಲ ನೆಟ್ಟ ಕಣ್ಣಿನಿಂದ ನಿಂತಿರಬೇಕಾಗಿಲ್ಲ. ಆಗಾಗ ಎದ್ದು ಒಂದು ಸುತ್ತು ಬಂದರೆ ಸಾಕು. ಹಾಗೆಯೇ ಗ್ರಾಹಕವನ್ನು ಅರ್ಧ ಸೆಕೆಂಡು ಮಲಗಿಸಿ, ಸೆಕೆಂಡಿನ ಸಾವಿರದ ೬೪ ಭಾಗಗಳಷ್ಟು ಕಾಲ, ಅಂದರೆ ೬೪ ಮಿಲಿಸೆಕೆಂಡು, ಎಬ್ಬಿಸಿ ಕೇಳಿಸುವುದು, ಮತ್ತೆ ಮಲಗಿಸುವುದು. ಹೀಗೆ ಮಾಡಿದರೆ ಅದು ಒಟ್ಟು ಕಾಲದ ಒಂಬತ್ತನೆಯ ಒಂದು ಪಾಲು ಮಾತ್ರ ಎಚ್ಚರವಿರುವುದು. ಎಬ್ಬಿಸುವ ಕೆಲಸಕ್ಕೆ ಎಟಿಟೈನಿ ೮೫ ಎಂಬ ಎಂಟು ಕಾಲಿನ ಮೈಕ್ರೋಕಂಟ್ರೋಲರ್ ಸಾಕು. ತನ್ನೊಳಗಿನ ಗಡಿಯಾರವನ್ನು ಮಾತ್ರ ನಡೆಸಿಕೊಂಡು ನಿದ್ರಿಸುವಾಗ ಅದರ ಊಟವು ಕೆಲವೇ ಮೈಕ್ರೋಆಂಪಿಯರ್, ಆರೆಂದು ಹಿಡಿಯೋಣ. ಎಲ್ಲ ಕೂಡಿ ಸರಾಸರಿ ೪೬ ಮೈಕ್ರೋಆಂಪಿಯರ್, ದಿನಕ್ಕೆ ೧.೧ ಮಿಲಿಆಂಪಿಯರ್-ಗಂಟೆ. ದೀಪದ ೧.೭ನ್ನು ಸೇರಿಸಿದರೆ ೨.೮. ಆರೂವರೆ ತಿಂಗಳ ಬಂಡವಾಳವು ಈಗ ಎರಡು ವರ್ಷಗಳ ಹತ್ತಿರಕ್ಕೆ ಬರುವುದು.

ಮಲಗಿರುವಾಗ ಕರೆ ಬಂದರೆ ಗತಿಯೇನೆಂದು ವಾಚಕರು ಕೇಳಬಹುದು. ಇಲ್ಲಿ ರಿಮೋಟಿನ ಭಾಷೆಯು ಮುಖ್ಯ. ಎನ್‌ಇಸಿ ಎಂಬ ಬಹುಪ್ರಚಾರದ ಸಂಕೇತಪದ್ಧತಿಯಲ್ಲಿ ಆಜ್ಞೆಯನ್ನು ಪೂರ್ತಿಯಾಗಿ ಹೇಳುವುದು ಒಂದೇ ಸಲ. ಗುಂಡಿಯನ್ನು ಒತ್ತಿಹಿಡಿದಿದ್ದರೆ ಬಳಿಕ “ಹಿಂದೆ ಹೇಳಿದ್ದೇ” ಎಂಬ ಗುರುತು ಮಾತ್ರ ಬರುತ್ತಿರುವುದು. ನಿದ್ರೆಯಲ್ಲಿದ್ದವನಿಗೆ ಅದರಿಂದ ಏನು ತಿಳಿದೀತು? ಸೋನಿ ಕಂಪೆನಿಯ ಪದ್ಧತಿಯಲ್ಲಾದರೋ ಗುಂಡಿ ಒತ್ತಿರುವಷ್ಟು ಕಾಲ ಇಡೀ ಆಜ್ಞೆಯೇ ೪೫ ಮಿಲಿಸೆಕೆಂಡಿಗೊಮ್ಮೆ ಮರಳಿ ಬರುವುದು. ನಮ್ಮ ಗ್ರಾಹಕವು ೬೪ ಮಿಲಿಸೆಕೆಂಡು ಕೇಳುವುದರಿಂದ, ಎದ್ದೊಡನೆ ಮೈ ಸರಿಪಡಿಸಿಕೊಳ್ಳುವ ಕೆಲವು ಮಿಲಿಸೆಕೆಂಡುಗಳನ್ನು ಕಳೆದರೂ, ಒಂದು ಆಜ್ಞೆಯ ಆರಂಭವು ಅದರ ಕಿವಿಗೆ ಬಿದ್ದೇ ತೀರುವುದು. ಆರಂಭದ ಗುರುತು ೨.೪ ಮಿಲಿಸೆಕೆಂಡಿನ ದೀರ್ಘ ಮಿಟುಕು; ಅನಂತರ ಬರುವ ಹನ್ನೆರಡು ಅಂಕಿಗಳಲ್ಲಿ ಏಳು ಆಜ್ಞೆಗೆ, ಐದು ಯಾವ ಯಂತ್ರಕ್ಕೆಂಬುದಕ್ಕೆ. ಆದಕಾರಣ ಹಳೆಯ ಸೋನಿ ರಿಮೋಟನ್ನಾಗಲಿ, ಆ ಭಾಷೆಯನ್ನಾಡಬಲ್ಲ ಸರ್ವೋಪಯೋಗಿ ರಿಮೋಟನ್ನಾಗಲಿ ಆರಿಸಿಕೊಳ್ಳಬೇಕು. ಇದರ ತಾಳವು ೪೦,೦೦೦ದ್ದು. ೩೮,೦೦೦ದ ಗ್ರಾಹಕಕ್ಕೂ ಕೇಳಿಸುವುದಾದರೂ ದೂರವು ಸ್ವಲ್ಪ ತಗ್ಗುವುದು.

ಬಳಸುವವರು ಪಾಲಿಸಬೇಕಾದ ನಿಯಮ ಒಂದೇ: ಗುಂಡಿಯನ್ನು ತಟ್ಟಿ ಬಿಡದೆ, ಒಂದು ಸೆಕೆಂಡು ಒತ್ತಿಹಿಡಿಯಬೇಕು. ನಿದ್ರೆಯನ್ನು ನಾಲ್ಕು ಸೆಕೆಂಡಿಗೆ ಬೆಳೆಸಿದರೆ ಇನ್ನೂ ಉಳಿಯಲಾರದೇ ಎಂದರೆ, ದಿನಕ್ಕೆ ೦.೮ರಷ್ಟು ಉಳಿಯುವುದು ನಿಜ. ಆದರೆ ಕತ್ತಲಲ್ಲಿ ನಡುಗುವ ಬೆರಳಿನಿಂದ ನಾಲ್ಕು ಸೆಕೆಂಡು ಒತ್ತಿಕೊಂಡಿರೆಂದು ವೃದ್ಧರಿಗೆ ಹೇಳುವುದು ಮಿತವ್ಯಯವಲ್ಲ, ಜಿಪುಣತನ. ದೀಪವು ಹೊತ್ತಿದ ಮೇಲೆ ಗ್ರಾಹಕವನ್ನು ಎಚ್ಚರವಾಗಿಯೇ ಇಡಬಹುದು. ದೀಪದ ಇಪ್ಪತ್ತರ ಮುಂದೆ ಅದರ ಖರ್ಚು ಲೆಕ್ಕಕ್ಕಿಲ್ಲ. ಆರಿಸುವಾಗ ತಡವೂ ಆಗದು. ಐದು ನಿಮಿಷದ ಮೇಲೆ ದೀಪವು ತಾನಾಗಿ ಆರುವಂತೆಯೂ ಪ್ರೋಗ್ರಾಮಿನಲ್ಲಿ ಬರೆದಿರಬೇಕು.

ಕಟ್ಟುವವರಿಗೆ ಕೆಲವು ಸೂಚನೆಗಳು. ಈ ಗ್ರಾಹಕಕ್ಕೆ ಕಡೆಯಪಕ್ಷ ೨.೫ ವೋಲ್ಟು ಬೇಕಾದುದರಿಂದ ಎರಡು ಸೆಲ್ಲುಗಳಿಗೆ ಬದಲಾಗಿ ಮೂರನ್ನು ಸಾಲಾಗಿ ಜೋಡಿಸಬೇಕು. ಇಲ್ಲದಿದ್ದರೆ ಸೆಲ್ಲಿನಲ್ಲಿ ಶಕ್ತಿ ಉಳಿದಿರುವಾಗಲೇ ಗ್ರಾಹಕವು ಕಿವುಡಾಗುವುದು. ಅಂಗಡಿಗಳಲ್ಲಿ ಕೇಳಿಬರುವ ಹಳೆಯ ಟಿಎಸ್‌ಒಪಿ ೧೭೩೮ ಐದು ವೋಲ್ಟನ್ನು ಬಯಸುವುದು. ಇಲ್ಲಿಗೆ ಅದು ಸಲ್ಲದು. ಗ್ರಾಹಕದ ಮೂರು ಕಾಲುಗಳ ಕ್ರಮವು ಒಂದೊಂದು ಜಾತಿಯಲ್ಲಿ ಒಂದೊಂದು ಬಗೆಯಾಗಿರುವುದರಿಂದ ತಯಾರಕರ ವಿವರಣಪತ್ರವನ್ನು ನೋಡಿಯೇ ಬೆಸುಗೆ ಹಾಕಬೇಕು. ಅದರ ವಿದ್ಯುತ್ತಿನ ಕಾಲನ್ನು ನೇರವಾಗಿ ಬ್ಯಾಟರಿಗೆ ಸೇರಿಸದೆ, ೧೦೦ ಓಮಿನ ರೆಸಿಸ್ಟರಿನ ಮೂಲಕ ಮೈಕ್ರೋಕಂಟ್ರೋಲರಿನ ಒಂದು ಕಾಲಿಗೆ ಸೇರಿಸಿ, ಗ್ರಾಹಕದ ಬುಡದಲ್ಲಿಯೇ ೦.೧ ಮೈಕ್ರೋಫ್ಯಾರಡಿನ ಕೆಪಾಸಿಟರನ್ನು ಇಡಬೇಕು. ಆ ಕಾಲೇ ಗ್ರಾಹಕವನ್ನು ಮಲಗಿಸಿ ಎಬ್ಬಿಸುವ ಸ್ವಿಚ್ಚು.

ಉಳಿತಾಯವನ್ನು ನುಂಗುವ ಸಣ್ಣ ಕಳ್ಳರು ಹಲವರು. ಗ್ರಾಹಕವು ಮಲಗಿರುವಾಗ ಅದರ ಮಾತನ್ನು ಕೇಳುವ ಕಾಲಿನ ಒಳಗಿನ ಪುಲ್‌ಅಪ್ ಆರಿರಬೇಕು. ಇಲ್ಲವಾದರೆ ಮುಂಬಾಗಿಲು ಮುಚ್ಚಿದ್ದರೂ ಹಿತ್ತಲ ಬಾಗಿಲಿನಿಂದ ವಿದ್ಯುತ್ತು ಹರಿಯುವುದು. ಮೈಕ್ರೋಕಂಟ್ರೋಲರಿನಲ್ಲಿ ವೋಲ್ಟೇಜನ್ನು ಅಳೆಯುವ ಎಡಿಸಿ ಭಾಗವನ್ನೂ, ವೋಲ್ಟೇಜು ಕುಸಿದರೆ ಎಚ್ಚರಿಸುವ ಭಾಗವನ್ನೂ ನಿದ್ರೆಗೆ ಮುಂಚೆ ನಿಲ್ಲಿಸಬೇಕು. “ಯಂತ್ರವು ನಡೆಯುತ್ತಿದೆ” ಎಂದು ತೋರಿಸುವ ಚಂದದ ಕೆಂಪು ಚುಕ್ಕೆಯನ್ನು ಖಂಡಿತ ಹಾಕಕೂಡದು. ೭೮೦೫ ಎಂಬ ರೆಗ್ಯುಲೇಟರು ತಾನೊಂದೇ ಸುಮಾರು ೫ ಮಿಲಿಆಂಪಿಯರ್ ತಿನ್ನುವುದು; ಅದನ್ನು ಮನೆಯೊಳಗೆ ಬಿಟ್ಟುಕೊಂಡರೆ ಎರಡು ವರ್ಷದ ಬಂಡವಾಳವು ಹದಿನೈದು ದಿನಗಳಲ್ಲಿ ಕರಗುವುದು.

ಸುಳ್ಳು ಕರೆಗಳದೂ ಒಂದು ಕಾಟ. ಸಿಎಫ್‌ಎಲ್ ದೀಪಗಳು ಸೆಕೆಂಡಿಗೆ ಹತ್ತಾರು ಸಾವಿರ ಸಲ ಮಿಟುಕುವುದರಿಂದ ಗ್ರಾಹಕಕ್ಕೆ ಭ್ರಮೆಯುಂಟಾಗಬಹುದು. ಎಚ್ಚರಗೊಂಡು ೧೫೦ ಮಿಲಿಸೆಕೆಂಡಿನೊಳಗೆ ೨.೪ ಮಿಲಿಸೆಕೆಂಡಿನ ಆರಂಭದ ಗುರುತೂ, ಅದರ ಹಿಂದೆ ತನ್ನ ಹೆಸರಿನ ಐದು ಅಂಕಿಗಳೂ ಬಾರದಿದ್ದರೆ ತಿರುಗಿ ಮಲಗುವಂತೆ ಪ್ರೋಗ್ರಾಮನ್ನು ಬರೆಯಬೇಕು. ಗ್ರಾಹಕವನ್ನು ಇಂತಹ ದೀಪಕ್ಕೆ ಎದುರಾಗಿ ತೂಗುಹಾಕದಿರುವುದು ಇನ್ನೂ ಲೇಸು.

ಕಟ್ಟಿದ ಮೇಲೆ ಅಳೆಯದೆ ನಂಬಬಾರದು. ಕ್ಷಣಕ್ಷಣಕ್ಕೂ ಏರಿಳಿಯುವ ಪ್ರವಾಹವನ್ನು ಸಾಮಾನ್ಯ ಮಲ್ಟಿಮೀಟರು ಸರಿಯಾಗಿ ತೋರಿಸಲಾರದು. ಆದುದರಿಂದ ಬರಿಯ ನಿದ್ರೆಯ ಪ್ರವಾಹವನ್ನೊಮ್ಮೆ, ಬರಿಯ ಎಚ್ಚರದ ಪ್ರವಾಹವನ್ನೊಮ್ಮೆ ಬೇರೆಬೇರೆಯಾಗಿ ಅಳೆದು, ಮೇಲೆ ತೋರಿಸಿದಂತೆ ಕಾಲದ ಪಾಲಿನಿಂದ ಲೆಕ್ಕ ಕಟ್ಟಬೇಕು. ಇಲ್ಲಿ ಹೇಳಿದುದೆಲ್ಲ ನಾಲ್ಕೂವರೆ ವೋಲ್ಟಿನ ಕೆಲಸವಾದುದರಿಂದ ಶಾಲೆಗೆ ಹೋಗುವ ಮಕ್ಕಳೂ ದೊಡ್ಡವರ ಸಂಗಡ ಕುಳಿತು ಮಾಡಬಹುದು. ಗೋಡೆಯ ವಿದ್ಯುತ್ತಿಗೆ ಮಾತ್ರ ಇದನ್ನು ಸೋಕಿಸಬಾರದು.

ಕಡೆಯದಾಗಿ ಒಂದು ಮಾತು. ಲೆಕ್ಕವು ಎರಡು ವರ್ಷವೆಂದರೂ, ಬಿಸಿಲ ಬೇಗೆಗೂ ಕಾಲಕ್ಕೂ ಸೆಲ್ಲುಗಳು ತಾವಾಗಿ ಸವೆಯುವವು; ಹಳತಾದರೆ ಸೋರುವುದೂ ಉಂಟು. ಸೆಲ್ಲು ಹಾಕಿದ ದಿನವನ್ನು ಪೆಟ್ಟಿಗೆಯ ಬೆನ್ನಿನ ಮೇಲೆ ಬರೆದಿಟ್ಟು, ವರ್ಷಕ್ಕೊಮ್ಮೆ, ಆಯುಧಪೂಜೆಗೆ ಮನೆಯ ಸಾಮಾನುಗಳನ್ನೆಲ್ಲ ಒರೆಸುವ ದಿನ, ಮೂರನ್ನೂ ಬದಲಾಯಿಸಿರಿ. ತೆಗೆದ ಸೆಲ್ಲುಗಳಲ್ಲಿ ಉಳಿದ ಶಕ್ತಿಯು ಗೋಡೆಯ ಗಡಿಯಾರಕ್ಕೆ ಒದಗುವುದು. ದಿಂಬಿನ ಬಳಿಯ ರಿಮೋಟನ್ನು ನಂಬಿ ಮಲಗಿದವರಿಗೆ ಬೆಳಕು ತಪ್ಪದು.