ತೂಕ ಒಂದೇ, ಲೋಹ ಬೇರೆ

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ಶಿಷ್ಯನೊಬ್ಬ ಕಳೆದ ವಾರ ದೂರವಾಣಿಯಲ್ಲಿ ಮಾತನಾಡಿದ. ರಿವಾಲ್ವರಿನಿಂದ ಗುರಿ ಹೊಡೆಯುವುದು ಅವನ ಹವ್ಯಾಸ. ಅಲ್ಲಿನ ಅನೇಕರಂತೆ ಅವನೂ ಬಳಸಿದ ಹಿತ್ತಾಳೆಯ ಕೋಶಗಳಿಗೆ ಮತ್ತೆ ಮದ್ದು ತುಂಬಿ, ಗುಂಡು ಕೂರಿಸಿ, ಕಾಡತೂಸುಗಳನ್ನು ಮನೆಯಲ್ಲೇ ಸಿದ್ಧಪಡಿಸಿಕೊಳ್ಳುತ್ತಾನೆ. "ಮೇಷ್ಟ್ರೇ, ಮಗು ಅಂಬೆಗಾಲಿಡುತ್ತಿದೆ. ಸೀಸ ಬಿಟ್ಟು ತಾಮ್ರದ ಗುಂಡು ತರಿಸಬೇಕೆಂದಿದ್ದೇನೆ. ತೂಕ ಒಂದೇ ಇದ್ದರೆ ಮದ್ದೂ ಅಷ್ಟೇ ಸಾಕಲ್ಲವೇ?" ಎಂದು ಕೇಳಿದ.

ನಾನು ಬಂದೂಕು ಹಿಡಿದವನಲ್ಲ. ಆದರೆ ಇದು ಹಿಂದೆ ನಾನೇ ಅವನಿಗೆ ಕಲಿಸಿದ ಸಾಂದ್ರತೆಯ ಪಾಠ. ಸೀಸದ ಸಾಂದ್ರತೆ ಘನ ಸೆಂಟಿಮೀಟರಿಗೆ 11.3 ಗ್ರಾಂ, ತಾಮ್ರದ್ದು ಸುಮಾರು 9. ದಪ್ಪವೂ ತೂಕವೂ ಒಂದೇ ಆಗಿದ್ದರೆ ತಾಮ್ರದ ಗುಂಡು ಸುಮಾರು ಕಾಲುಭಾಗ ಹೆಚ್ಚು ಉದ್ದವಾಗುತ್ತದೆ. ರಿವಾಲ್ವರಿನ ಸಿಲಿಂಡರಿನ ಉದ್ದಕ್ಕೆ ಮಿತಿಯಿರುವುದರಿಂದ ಗುಂಡು ಕೋಶದೊಳಕ್ಕೆ ಇನ್ನಷ್ಟು ಇಳಿಯಬೇಕು. ಮದ್ದಿನ ಜಾಗ ಕುಗ್ಗಿದರೆ ಒತ್ತಡ ಏರುತ್ತದೆ.

ಗಡಸುತನದ ಮಾತೂ ಇದೆ. ಮೃದುವಾದ ಸೀಸ ನಳಿಗೆಯೊಳಗಿನ ಸುರುಳಿಗೀರುಗಳಿಗೆ ಸುಲಭವಾಗಿ ಒಗ್ಗುತ್ತದೆ; ವೇಗ ಮಿತಿಮೀರಿದರೆ ಅಲ್ಲೇ ಮೆತ್ತಿಕೊಳ್ಳುತ್ತದೆ. ಆದ್ದರಿಂದಲೇ ಅದಕ್ಕೆ ತವರ, ಆಂಟಿಮನಿ ಬೆರೆಸುವುದು. ತಾಮ್ರದ ಗುಂಡಿಗೂ ತಾಮ್ರದ ಕವಚವಿರುವ ಗುಂಡಿಗೂ ನಳಿಗೆಯಲ್ಲಿ ಘರ್ಷಣೆ ಹೆಚ್ಚು. ಸೀಸಕ್ಕೆ ಸಾಕಾಗುವ ಹಗುರ ಮದ್ದು ಅಂಥ ಗುಂಡನ್ನು ನಳಿಗೆಯ ನಡುವೆಯೇ ನಿಲ್ಲಿಸಿಬಿಡಬಹುದು. ಅರಿಯದೆ ಇನ್ನೊಂದನ್ನು ಹಾರಿಸಿದರೆ ನಳಿಗೆಯೇ ಸೀಳೀತು. ಅಂತೂ ಹಳೆಯ ಅಳತೆ ಹೆಚ್ಚಾದರೂ ಅಪಾಯ, ಕಡಿಮೆಯಾದರೂ ಅಪಾಯ. ಆಯಾ ಗುಂಡಿಗೆಂದೇ ಪರೀಕ್ಷಿಸಿ ತಯಾರಕರು ಪ್ರಕಟಿಸಿದ ಕೋಷ್ಟಕವನ್ನಲ್ಲದೆ ಬೇರೇನನ್ನೂ ನಂಬಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಹಾಗೆಂದು ಸೀಸದಲ್ಲೇ ಮುಂದುವರಿ ಎನ್ನಲಾರೆ. ಮಕ್ಕಳ ರಕ್ತದಲ್ಲಿ ಸೀಸದ ಸುರಕ್ಷಿತ ಮಟ್ಟವೆಂಬುದೇ ಇಲ್ಲವೆಂದು ವೈದ್ಯವಿಜ್ಞಾನ ಹೇಳುತ್ತದೆ. ಸೀಸದ ಚೂರುಗಳಿರುವ ಸತ್ತ ಪ್ರಾಣಿಗಳನ್ನು ತಿಂದು ಕಾಂಡರ್ ರಣಹದ್ದುಗಳು ಸಾಯುತ್ತಿದ್ದುದನ್ನು ಕಂಡ ಕ್ಯಾಲಿಫೋರ್ನಿಯಾ, 2019ರ ಜುಲೈ 1ರಿಂದ ಬೇಟೆಗೆ ಸೀಸದ ಗುಂಡನ್ನು ಪೂರ್ಣವಾಗಿ ನಿಷೇಧಿಸಿದೆ. ಹದ್ದಿಗೆ ತೋರಿದ ಕಾಳಜಿ ಕೂಸಿಗೆ ಬೇಡವೇ? ಆದರೆ ಗುಂಡನ್ನು ಬದಲಿಸಿದೊಡನೆ ಸೀಸ ಮನೆ ಬಿಟ್ಟು ಹೋಗದು. ಮದ್ದಿಗೆ ಕಿಡಿ ಕೊಡುವ ಪ್ರೈಮರಿನಲ್ಲೂ ಸಾಮಾನ್ಯವಾಗಿ ಸೀಸದ ಸಂಯುಕ್ತವಿರುತ್ತದೆ. ಬಳಸಿದ ಕೋಶಗಳ ಧೂಳಿನಲ್ಲಿ ಅದು ಉಳಿದಿರುತ್ತದೆ. ಆದ್ದರಿಂದ ಕೆಲಸದ ಮೇಜಿನ ಬಳಿ ಊಟತಿಂಡಿ ಕೂಡದು. ಕೈ ತೊಳೆದು, ಬಟ್ಟೆ ಬದಲಿಸಿಯೇ ಮಗುವನ್ನು ಎತ್ತಿಕೊಳ್ಳಬೇಕು.

ಎಲ್ಲವನ್ನೂ ಕೇಳಿ ಅವನು "ಆಗಲಿ ಮೇಷ್ಟ್ರೇ" ಎಂದ. ಶಾಲೆಯಲ್ಲಿಯೂ ಹೀಗೆಯೇ ಹೇಳಿ, ಮರುದಿನ ಮನೆಲೆಕ್ಕ ಮಾಡದೆ ಬರುತ್ತಿದ್ದವನು. ಆದ್ದರಿಂದ ಇಲ್ಲಿಯೂ ಬರೆದಿಟ್ಟಿದ್ದೇನೆ.