ಯಂತ್ರಕ್ಕೆ ವರ್ಣಮಾಲೆಯನ್ನು ಹೇಳಿಕೊಡುವವರಾರು?

ವರ್ಣಮಾಲೆಯನ್ನು ಕಂಠಪಾಠ ಮಾಡಿದ ಕನ್ನಡಿಗರು ‘ಹ’ಕಾರದ ತರುವಾಯ ‘ಳ’ಕಾರವನ್ನು ಹೇಳುತ್ತಾರೆ. ಆದುದರಿಂದ ನಿಘಂಟಿನಲ್ಲಿ ‘ಮಹಿಮೆ’ ಮೊದಲು, ‘ಮಳೆ’ ಆಮೇಲೆ. ಯೂನಿಕೋಡ್ ಸಂಕೇತದಲ್ಲಾದರೋ ‘ಳ’ಕಾರವು ‘ಲ’ಕಾರದ ಮಗ್ಗುಲಲ್ಲಿ ಕುಳಿತಿದೆ. ಗಣಕಯಂತ್ರವು ಕೇವಲ ಸಂಕೇತಾಂಕಗಳನ್ನು ಹೋಲಿಸಿ ಪದಗಳನ್ನು ಜೋಡಿಸಿದರೆ ‘ಮಳೆ’ಯೇ ಮುಂದೆ ಬರುತ್ತದೆ. ಇದು ಯಂತ್ರದ ಅಪರಾಧವಲ್ಲ. ಯಾವ ಕ್ರಮ ಬೇಕೆಂದು ಅದಕ್ಕೆ ಯಾರೂ ತಿಳಿಸಿರಲಿಲ್ಲ. ದತ್ತಸಂಚಯವನ್ನು ರಚಿಸುವವರು ಇದನ್ನು ಸ್ಪಷ್ಟವಾಗಿ ತಿಳಿಸಲೇಬೇಕೆಂಬ ಕಟ್ಟಳೆ ಇರತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಇ. ಎಫ್. ಕಾಡ್ ಅವರು ೧೯೭೦ರಲ್ಲಿ ಪ್ರತಿಪಾದಿಸಿದ ಸಂಬಂಧಾತ್ಮಕ ದತ್ತಸಂಚಯದಲ್ಲಿ ಸಾಲುಗಳಿಗೆ ಸ್ವಭಾವತಃ ಹಿಂದುಮುಂದುಗಳಿಲ್ಲ. ಕ್ರಮ ಬೇಕಾದವರು ಎಸ್‌ಕ್ಯೂಎಲ್ ಭಾಷೆಯಲ್ಲಿ ‘ಆರ್ಡರ್ ಬೈ’ ಎಂದು ಕೇಳಿ ಪಡೆಯಬೇಕು. ಅಕ್ಷರಗಳನ್ನು ಹೋಲಿಸುವ ನಿಯಮವನ್ನು ‘ಕೊಲೇಟ್’ ಎಂಬ ಪದದಿಂದ ಹೆಸರಿಸುವ ಏರ್ಪಾಡು ೧೯೯೨ರ ಎಸ್‌ಕ್ಯೂಎಲ್ ಶಿಷ್ಟಪಾಠದಲ್ಲಿಯೇ ಇದೆ. ಕೋಷ್ಟಕದ ಅಂಕಣವನ್ನು ವರ್ಣಿಸುವಾಗಲೂ ಅದನ್ನು ಬರೆಯಬಹುದು, ಪ್ರಶ್ನೆ ಕೇಳುವಾಗಲೂ ಬರೆಯಬಹುದು. ಬರೆಯದೆ ಬಿಡಲೂಬಹುದು, ತೊಡಕು ಹುಟ್ಟುವುದು ಅಲ್ಲಿಯೇ.

ಬರೆಯದೆ ಬಿಟ್ಟಾಗ ವ್ಯವಸ್ಥೆಯು ತನ್ನ ತವರಿನ ರೂಢಿಯನ್ನು ಹಿಡಿಯುತ್ತದೆ. ಮೈಎಸ್‌ಕ್ಯೂಎಲ್ ಸ್ವೀಡನ್ನಿನಲ್ಲಿ ಹುಟ್ಟಿದ್ದು. ೨೦೧೮ರಲ್ಲಿ ಅದರ ೮.೦ ಆವೃತ್ತಿ ಬರುವವರೆಗೂ, ಬೇರೆ ಹೇಳದಿದ್ದರೆ ಸ್ವೀಡಿಷ್ ಕ್ರಮವೇ ಗತಿ. ಎರಡು ಚುಕ್ಕೆಯ ‘ಎ’ ಅಕ್ಷರವನ್ನು ಜರ್ಮನರು ನಿಘಂಟಿನಲ್ಲಿ ‘ಎ’ಯ ಜೊತೆಗೇ ಇಡುತ್ತಾರೆ, ಸ್ವೀಡನ್ನಿನವರಿಗೆ ಅದು ‘ಝೆಡ್’ ಆದಮೇಲಿನ ಬೇರೆ ಅಕ್ಷರ. ಹೀಗೆ ಎಷ್ಟೋ ದೇಶಗಳ ಹೆಸರುಪಟ್ಟಿಗಳು ತಮಗರಿವಿಲ್ಲದೆಯೇ ಸ್ವೀಡಿಷ್ ಕಲಿತವು!

ಹೆಸರುಗಳು ಹಿಂದುಮುಂದಾದರೆ ಏನು ಮಹಾ ಎಂದು ವಾಚಕರು ಕೇಳಬಹುದು. ಹುಡುಕಾಟವನ್ನು ಚುರುಕುಗೊಳಿಸಲು ದತ್ತಸಂಚಯವು ಪದಗಳನ್ನು ಕ್ರಮವಾಗಿ ಜೋಡಿಸಿದ ಸೂಚಿಯೊಂದನ್ನು ಡಿಸ್ಕಿನ ಮೇಲೆ ಇಟ್ಟುಕೊಂಡಿರುತ್ತದೆ. ನಾವು ನಿಘಂಟನ್ನು ನಡುವೆ ತೆರೆದು, ಬೇಕಾದ ಪದ ಎಡಕ್ಕೋ ಬಲಕ್ಕೋ ಎಂದು ನಿರ್ಣಯಿಸುವಂತೆಯೇ ಅದೂ ನಡೆದುಕೊಳ್ಳುತ್ತದೆ. ನಿಘಂಟು ಅಚ್ಚಾದಮೇಲೆ ವರ್ಣಮಾಲೆಯೇ ಬದಲಾದರೆ? ಪುಟದಲ್ಲಿ ಇರುವ ಪದವೇ ಸಿಕ್ಕದು. ೨೦೧೮ರಲ್ಲಿ ಆದದ್ದು ಇದೇ. ಲಿನಕ್ಸ್ ಯಂತ್ರಗಳ ‘ಗ್ಲಿಬ್‌ಸಿ’ ಎಂಬ ಮೂಲಸಾಮಗ್ರಿಯ ೨.೨೮ನೆಯ ಆವೃತ್ತಿಯು ಅಕ್ಷರಕ್ರಮವನ್ನು ತಿದ್ದಿತು. ಅದನ್ನು ನೆಚ್ಚಿದ್ದ ಪೋಸ್ಟ್‌ಗ್ರೆಸ್ ದತ್ತಸಂಚಯಗಳ ಹಳೆಯ ಸೂಚಿಗಳು ಹೊಸ ಕ್ರಮಕ್ಕೆ ಹೊಂದದೆ ಹೋದವು. ಇಂಥ ಸೂಚಿಯಲ್ಲಿ ಇರುವ ಹೆಸರು ಇಲ್ಲವೆಂದು ಉತ್ತರ ಬರಬಹುದು; ಒಂದೇ ಇರಬೇಕಾದ ಹೆಸರು ಎರಡು ಬಾರಿ ಸೇರಿಕೊಳ್ಳಬಹುದು. ಸೂಚಿಗಳನ್ನು ಹೊಸದಾಗಿ ಕಟ್ಟುವುದೊಂದೇ ಪರಿಹಾರ.

ಪೋಸ್ಟ್‌ಗ್ರೆಸ್ಸಿನ ಈಚಿನ ಆವೃತ್ತಿಗಳು ನಿಯಮದ ಆವೃತ್ತಿಯನ್ನು ಗುರುತಿಟ್ಟುಕೊಂಡು, ವ್ಯತ್ಯಾಸ ಕಂಡಾಗ ಎಚ್ಚರಿಸುತ್ತವೆ. ಎಚ್ಚರಿಕೆ ಸಾಲದು, ಅಂಥ ಸೂಚಿಯಲ್ಲಿ ಹುಡುಕಲು ಯಂತ್ರವು ಒಪ್ಪಲೇಕೂಡದೆನ್ನುತ್ತೇವೆ. ಪ್ರತಿ ಅಂಕಣಕ್ಕೂ ನಿಯಮವನ್ನು ಬರೆಯುವುದು ಹೊರೆಯೆಂಬ ಆಕ್ಷೇಪಣೆಯುಂಟು. ಸಂಖ್ಯೆಯೋ ಅಕ್ಷರವೋ ಎಂದು ಅಂಕಣದ ಜಾತಿಯನ್ನು ಬರೆಯುವಾಗ ಯಾರೂ ಗೊಣಗುವುದಿಲ್ಲವಷ್ಟೆ. ಇದು ಅದರ ಪಕ್ಕದಲ್ಲಿ ಇನ್ನೊಂದು ಪದ.

ನಮ್ಮ ವಿದ್ಯಾರ್ಥಿಗಳಿಗೆ ಈಗಲೇ ಒದಗುವ ಮಾರ್ಗವೊಂದಿದೆ. ೨೦೨೪ರ ಪೋಸ್ಟ್‌ಗ್ರೆಸ್ ೧೭ರಲ್ಲಿ, ಹೊರಗಿನ ಸಾಮಗ್ರಿಯನ್ನು ನೆಚ್ಚದೆ ಸಂಕೇತಾಂಕಗಳನ್ನಷ್ಟೇ ಹೋಲಿಸುವ ಕ್ರಮವು ಒಳಗೇ ಸೇರಿದೆ. ಸೂಚಿಗೆ ಅದು ಸಾಕು. ಓದುವವರ ಮುಂದೆ ಪಟ್ಟಿಯನ್ನು ಇಡುವಾಗ ಮಾತ್ರ, ‘ಆರ್ಡರ್ ಬೈ’ ಜೊತೆಯಲ್ಲಿ ಕನ್ನಡದ ನಿಯಮವನ್ನು ಹೆಸರಿಸಿ, ‘ಮಹಿಮೆ’ಯ ತರುವಾಯ ‘ಮಳೆ’ಯನ್ನು ತರಿಸಿಕೊಳ್ಳಬಹುದು.